ಮೂಗಿಗೆ ಹೋದ ಆವಿ ಈಲಿಯನ್ನು ಕೆಡಿಸುವುದು ಹೇಗೆ?

ನಮ್ಮ ಬಂಗಾರಪೇಟೆ ಕಡೆಯ ಯಾವ ರೈತನ ಮನೆಗೆ ಹೋದರೂ ಇವತ್ತು ಮೂಲೆಯಲ್ಲಿ ಹತ್ತಾರು ಡಬ್ಬಿ ಸಿಗುತ್ತವೆ. ಪಿವಿಸಿ ಪೈಪಿಗೆ ಹಚ್ಚುವ ಅಂಟು, ಬಣ್ಣಕ್ಕೆ ಬೆರೆಸುವ ಥಿನ್ನರ್, ಟ್ರಾಕ್ಟರಿನ ಹೈಡ್ರಾಲಿಕ್ ಆಯಿಲ್, ಡೀಸೆಲ್, ಪೆಟ್ರೋಲ್, ಕೀಟನಾಶಕ. ಇವನ್ನು ಕುಡಿದರೆ ಸಾಯುತ್ತಾರೆ ಅಂತ ಸಣ್ಣ ಮಕ್ಕಳಿಗೂ ಗೊತ್ತು. ಆದರೆ ಇವುಗಳ ಆವಿಯನ್ನು ಮೂಗಲ್ಲಿ ಎಳೆದುಕೊಂಡರೆ? 'ವಾಸನೆ ತಾನೇ, ಸ್ವಲ್ಪ ತಲೆನೋವು ಬರಬಹುದು, ಗಾಳಿಗೆ ಹೋದ್ರೆ ಸರಿ ಹೋಗುತ್ತೆ' ಅನ್ನುತ್ತೇವೆ. ಕೆಮ್ಮು ಬಂದರೆ ಪುಪ್ಪುಸಕ್ಕೆ ಏನೋ ಆಯಿತು ಅಂದುಕೊಳ್ಳುತ್ತೇವೆ. ಈಲಿಯ ಸುದ್ದಿಗೆ ಯಾರೂ ಹೋಗುವುದಿಲ್ಲ.

ಈಲಿ ಅಂದರೆ ಮಟನ್ ಅಂಗಡಿಯಲ್ಲಿ ನಾವು ಕೇಳಿ ತರುವ ಅದೇ ಈಲಿ. ಪುಸ್ತಕದಲ್ಲಿ ಯಕೃತ್ತು ಅನ್ನುತ್ತಾರೆ, ಡಾಕ್ಟರು ಲಿವರ್ ಅನ್ನುತ್ತಾರೆ. ಮೂಗಿನಿಂದ ಹೋದ ಆವಿ ಅಲ್ಲಿಗೆ ಹೇಗೆ ತಲುಪುತ್ತದೆ, ಅಲ್ಲಿ ಏನು ಮಾಡುತ್ತದೆ, ಇದನ್ನು ಪ್ರಯೋಗಶಾಲೆಯ ಇಲಿಗಳಿಂದ ವಿಜ್ಞಾನಿಗಳು ಹೇಗೆ ತಿಳಿದುಕೊಂಡರು ಅನ್ನುವುದನ್ನು ನನಗೆ ತಿಳಿದ ಮಟ್ಟಿಗೆ ಬರೆಯುತ್ತೇನೆ. ನಾನು ಓದಿದ್ದು ಏಳನೇ ಕ್ಲಾಸು. ಮೂರೂವರೆ ಎಕರೆ ಖುಷ್ಕಿಯಲ್ಲಿ ರಾಗಿ, ಅವರೆ, ತೊಗರಿ ಬೆಳೆಯುವವನು. ಓದಿದವರನ್ನು ಕೇಳಿ, ಮಗಳ ಕೈಲಿ ಓದಿಸಿ ತಿಳಿದುಕೊಂಡದ್ದು ಇದು.

ಕೆಜಿಎಫ್ ಕಲಿಸಿದ ಅರ್ಧ ಪಾಠ

ಉಸಿರಿನಲ್ಲಿ ಹೋದದ್ದು ಮನುಷ್ಯನನ್ನು ಕೊಲ್ಲುತ್ತದೆ ಅಂತ ನಮ್ಮ ಕಡೆಯವರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಕೋಲಾರ ಚಿನ್ನದ ಗಣಿಯನ್ನು 1880ರಲ್ಲಿ ಜಾನ್ ಟೇಲರ್ ಕಂಪನಿ ವಹಿಸಿಕೊಂಡಿತು. ಅಲ್ಲಿಂದ 2001ರ ಫೆಬ್ರವರಿ 28ಕ್ಕೆ ಬಾಗಿಲು ಹಾಕುವವರೆಗೆ ಅಲ್ಲಿ ಕಲ್ಲು ಕೊರೆದವರ ಎದೆಗೂಡಿನೊಳಗೆ ಕಲ್ಲಿನ ಧೂಳು ಕೂತಿತು. ಸಿಲಿಕೋಸಿಸ್ ಅನ್ನುವ ಆ ರೋಗವನ್ನು ನಮ್ಮ ದೇಶದಲ್ಲಿ ದೊಡ್ಡ ಪ್ರಮಾಣದಲ್ಲಿ ಪರೀಕ್ಷೆ ಮಾಡಿ ವರದಿ ಬರೆದದ್ದೇ ಈ ಗಣಿಯ ಕಾರ್ಮಿಕರ ಮೇಲೆ, 1940ರ ದಶಕದಲ್ಲಿ. ಇವತ್ತಿಗೂ ಉಸಿರಿಗೆ ಒದ್ದಾಡುವ ಹಳೇ ಗಣಿ ಕೆಲಸಗಾರರು ನಮ್ಮ ನಡುವೆ ಇದ್ದಾರೆ.

ಆದರೆ ಇದು ಅರ್ಧ ಪಾಠ. ಧೂಳು ಅನ್ನುವುದು ಗಟ್ಟಿ ವಸ್ತು. ಅದು ಹೋಗಿ ಪುಪ್ಪುಸದಲ್ಲೇ ಕೂರುತ್ತದೆ, ಕೂತಲ್ಲೇ ಹಾಳು ಮಾಡುತ್ತದೆ. ದ್ರವದ ಆವಿ ಹಾಗಲ್ಲ. ಅದು ಪುಪ್ಪುಸದಲ್ಲಿ ನಿಲ್ಲುವುದೇ ಇಲ್ಲ. ನೇರ ರಕ್ತಕ್ಕೆ ಇಳಿದು ಊರೆಲ್ಲ ಸುತ್ತುತ್ತದೆ. ಎದೆ ಎಕ್ಸ್‌ರೇ ತೆಗೆಸಿದರೆ ಏನೂ ಕಾಣುವುದಿಲ್ಲ.

ಈಗ ನಮ್ಮ ಹುಡುಗರು ಗಣಿಗೆ ಇಳಿಯುವುದಿಲ್ಲ. ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗುತ್ತಾರೆ. ವರ್ಕ್‌ಶಾಪು, ಗ್ಯಾರೇಜು, ಪೇಂಟಿಂಗ್ ಶೆಡ್ಡು, ಲೇತ್ ಮೆಷಿನ್ ಅಂತ ದುಡಿಯುತ್ತಾರೆ. ಮಳೆ ಬಂದರೆ ಊರಲ್ಲಿ ಉಳುತ್ತಾರೆ, ಇಲ್ಲದಿದ್ದರೆ ಅಲ್ಲಿ. ಗಣಿಯ ಕಾಲದ ಅಪಾಯ ಧೂಳು, ಈ ಕಾಲದ ಅಪಾಯ ಆವಿ. ಅದಕ್ಕೇ ಉಳಿದ ಅರ್ಧ ಪಾಠ ಕಲಿಯಬೇಕು.

ಆವಿ ಹಿಡಿಯುವ ದಾರಿ

ಹೊಟ್ಟೆಗೆ ತಿಂದದ್ದು ಕರುಳಿನಿಂದ ರಕ್ತಕ್ಕೆ ಸೇರಿ ಮೊದಲು ಈಲಿಗೇ ಹೋಗುತ್ತದೆ. ಅಲ್ಲಿ ತಪಾಸಣೆ ಆಗಿ ಆಮೇಲೆ ಮೈಗೆ ಬಿಡುಗಡೆ. ಒಂಥರ ಚೆಕ್‌ಪೋಸ್ಟ್ ಇದ್ದ ಹಾಗೆ. ಆದರೆ ಉಸಿರಲ್ಲಿ ಎಳೆದದ್ದು ಈ ಚೆಕ್‌ಪೋಸ್ಟನ್ನು ತಪ್ಪಿಸಿಕೊಂಡು ಪುಪ್ಪುಸದಿಂದ ಹೃದಯಕ್ಕೆ, ಹೃದಯದಿಂದ ಮೈಗೆಲ್ಲ ನುಗ್ಗುತ್ತದೆ. ಅದಕ್ಕೇ ಥಿನ್ನರ್ ವಾಸನೆ ತೆಗೆದುಕೊಂಡ ಎರಡೇ ನಿಮಿಷಕ್ಕೆ ತಲೆ ಗಿರ್ ಅನ್ನುತ್ತದೆ. ಮಿದುಳಿಗೆ ಮೊದಲೇ ಮುಟ್ಟಿರುತ್ತದೆ.

ಹಾಗಾದರೆ ಈಲಿ ಪಾರಾಯಿತೇ? ಇಲ್ಲ. ಮನುಷ್ಯನ ಈಲಿಯ ತೂಕ ಸುಮಾರು ಒಂದೂವರೆ ಕಿಲೋ. ಅದರೊಳಗೆ ನಿಮಿಷಕ್ಕೆ ಹೆಚ್ಚುಕಡಿಮೆ ಒಂದೂವರೆ ಲೀಟರ್ ರಕ್ತ ಹರಿಯುತ್ತದೆ. ಹೃದಯ ನೂಕುವ ರಕ್ತದಲ್ಲಿ ಕಾಲು ಭಾಗ ಇದೊಂದಕ್ಕೇ ಬೇಕು. ಹಾಗಾಗಿ ರಕ್ತದಲ್ಲಿ ಸುತ್ತುವ ಯಾವುದೇ ವಿಷ ನಾಲ್ಕಾರು ನಿಮಿಷದೊಳಗೆ ಈಲಿಯನ್ನು ಹಾದು ಹೋಗಲೇಬೇಕು.

ಇನ್ನೊಂದು ಮಾತು. ಕೂತವನಿಗಿಂತ ದುಡಿಯುವವನು ಹಲವು ಪಟ್ಟು ಹೆಚ್ಚು ಗಾಳಿ ಎಳೆಯುತ್ತಾನೆ. ಅದೇ ಶೆಡ್ಡಿನಲ್ಲಿ ಮೇಜಿನ ಮುಂದೆ ಲೆಕ್ಕ ಬರೆಯುವವನಿಗೂ ಸುತ್ತಿಗೆ ಬಡಿಯುವವನಿಗೂ ಒಳಗೆ ಹೋಗುವ ಆವಿ ಒಂದೇ ಅಲ್ಲ.

ಈಲಿ ಅನ್ನುವ ಮಿಲ್ಲು

ಈಲಿಯ ಕೆಲಸವನ್ನು ಕೆಜಿಎಫ್‌ನ ಮಿಲ್ಲಿಗೆ ಹೋಲಿಸಬಹುದು. ಗಣಿಯಿಂದ ಬಂದ ಅದಿರನ್ನು ಮಿಲ್ಲು ಪುಡಿ ಮಾಡಿ, ಸೈನೈಡ್ ನೀರಲ್ಲಿ ನೆನೆಸಿ ಚಿನ್ನ ಬೇರ್ಪಡಿಸುತ್ತಿತ್ತು. ಚಿನ್ನ ಹೋಯಿತು, ಉಳಿದ ಮಣ್ಣು ಮೂರು ಕೋಟಿ ಟನ್ನಿಗೂ ಮಿಕ್ಕಿ ಸೈನೈಡ್ ದಿಬ್ಬಗಳಾಗಿ ಊರ ಸುತ್ತ ಕೂತಿದೆ. ಗಾಳಿ ಬೀಸಿದರೆ ಅದರ ಧೂಳು ಮನೆಯೊಳಗೆ ಬರುತ್ತದೆ. ಅದಿರು ನೆಲದಡಿ ಇದ್ದಾಗ ಯಾರಿಗೂ ತೊಂದರೆ ಇರಲಿಲ್ಲ. ಸಂಸ್ಕರಿಸಿದ ಮೇಲೆ ಉಳಿದದ್ದೇ ತೊಂದರೆ.

ಈಲಿಯೂ ಹೀಗೇ. ಎಣ್ಣೆಯಲ್ಲಿ ಕರಗುವ ವಸ್ತುವನ್ನು ಮೂತ್ರದಲ್ಲಿ ಹೊರ ಹಾಕಲು ಆಗುವುದಿಲ್ಲ. ಅದಕ್ಕೇ ಈಲಿಯ ಕಿಣ್ವಗಳು ಅದನ್ನು ಒಡೆದು ನೀರಲ್ಲಿ ಕರಗುವ ಹಾಗೆ ಮಾಡಲು ಹೊರಡುತ್ತವೆ. ಬಹಳ ಸಲ ಇದು ಸರಿಯಾಗಿ ಮುಗಿಯುತ್ತದೆ. ಕೆಲವು ವಸ್ತುಗಳಲ್ಲಿ ಮಾತ್ರ, ಅರ್ಧ ಒಡೆದ ಚೂರು ಮೂಲ ವಸ್ತುವಿಗಿಂತ ಹೆಚ್ಚು ಉರಿಮಾರಿ ಆಗಿರುತ್ತದೆ. ಅದು ಹುಟ್ಟಿದ್ದು ಈಲಿಯ ಕಣದೊಳಗೆ, ಸುಡುವುದೂ ಆ ಕಣವನ್ನೇ. ಅಂದರೆ ಈಲಿ ಕೆಡುವುದು ಸುಮ್ಮನಿದ್ದು ಅಲ್ಲ, ತನ್ನ ಕೆಲಸ ಮಾಡಲು ಹೋಗಿ.

ಇದಕ್ಕೆ ಪ್ರಸಿದ್ಧ ಉದಾಹರಣೆ ಕಾರ್ಬನ್ ಟೆಟ್ರಾಕ್ಲೋರೈಡ್. ನೀರಿನ ಹಾಗೆ ತಿಳಿಯಾದ, ಸ್ವಲ್ಪ ಸಿಹಿ ವಾಸನೆಯ ದ್ರವ. ಹಿಂದೆ ಯಂತ್ರದ ಗ್ರೀಸ್ ತೊಳೆಯಲು, ಬಟ್ಟೆಯ ಕಲೆ ತೆಗೆಯಲು, ಬೆಂಕಿ ಆರಿಸಲು ಎಲ್ಲದಕ್ಕೂ ಬಳಸುತ್ತಿದ್ದರು. ಈಲಿಯೊಳಗೆ ಇದು ಒಡೆದಾಗ ಹುಟ್ಟುವ ಚೂರು ಕಣದ ಗೋಡೆಯ ಕೊಬ್ಬನ್ನು ಹಿಡಿದು ಸುಡುತ್ತದೆ. ಒಂದು ಕಣದ ಗೋಡೆಗೆ ಹತ್ತಿದ್ದು ಒಣ ಹುಲ್ಲಿನ ಬಣವೆಗೆ ಕಿಡಿ ಬಿದ್ದ ಹಾಗೆ ಮುಂದಕ್ಕೆ ಹರಡುತ್ತದೆ.

ಇಲಿಗಳು ಹೇಳಿದ್ದು

ಇದೆಲ್ಲ ಹೇಗೆ ಗೊತ್ತಾಯಿತು? ಬಿಳಿ ಇಲಿ, ಸುಂಡಿಲಿ, ಗಿನಿಯಿಲಿ, ಮೊಲಗಳಿಂದ. ಗಾಜು ಮತ್ತು ಉಕ್ಕಿನ ಗೂಡು ಮಾಡುತ್ತಾರೆ. ಅದರೊಳಗೆ ಗಾಳಿ ಹರಿಸಿ, ಆ ಗಾಳಿಗೆ ದ್ರವದ ಆವಿಯನ್ನು ಅಳತೆ ಮಾಡಿ ಬೆರೆಸುತ್ತಾರೆ. ಕಾರ್ಖಾನೆಯ ಪಾಳಿಯ ಹಾಗೇ ದಿನಕ್ಕೆ ಆರೇಳು ಗಂಟೆ, ವಾರಕ್ಕೆ ಐದು ದಿನ. ಒಂದು ಗುಂಪಿಗೆ ಬರೀ ಶುದ್ಧ ಗಾಳಿ. ನಾವು ಹೊಸ ಗೊಬ್ಬರ ಪರೀಕ್ಷೆ ಮಾಡುವಾಗ ಒಂದು ಸಾಲನ್ನು ಗೊಬ್ಬರ ಹಾಕದೆ ಬಿಡುತ್ತೇವಲ್ಲ, ಹಾಗೆ. ಮೂರು ತಿಂಗಳು, ಆರು ತಿಂಗಳು, ಕೆಲವು ಸಲ ಎರಡು ವರ್ಷ. ಎರಡು ವರ್ಷ ಅಂದರೆ ಇಲಿಗೆ ಹೆಚ್ಚುಕಡಿಮೆ ಪೂರ್ತಿ ಆಯಸ್ಸು. ಕೊನೆಗೆ ಈಲಿಯನ್ನು ತೂಗಿ, ತೆಳುವಾಗಿ ಕೊಯ್ದು ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ.

ಅಳತೆಗೆ ಪಿಪಿಎಂ ಅನ್ನುತ್ತಾರೆ. ಹತ್ತು ಲಕ್ಷ ಭಾಗ ಗಾಳಿಯಲ್ಲಿ ಒಂದು ಭಾಗ ಆವಿ. ರಾಗಿಯ ಲೆಕ್ಕದಲ್ಲಿ ಹೇಳಬೇಕಾದರೆ ಹತ್ತು ಲಕ್ಷ ಕಾಳಿನಲ್ಲಿ ಒಂದು ಕಾಳು ಕಲಬೆರಕೆ.

1952ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಕಾರ್ಬನ್ ಟೆಟ್ರಾಕ್ಲೋರೈಡಿನ ಆವಿಯನ್ನು ಇಲಿಗಳು ಆರು ತಿಂಗಳಷ್ಟು ಕಾಲ ಉಸಿರಾಡಿದವು. 5 ಪಿಪಿಎಂನಲ್ಲಿ ಇಲಿಗಳಿಗೆ ಏನೂ ಆಗಲಿಲ್ಲ. 10 ಪಿಪಿಎಂಗೆ ಈಲಿಯಲ್ಲಿ ಕೊಬ್ಬು ಕೂತಿತು. ಹತ್ತು ಲಕ್ಷದಲ್ಲಿ ಹತ್ತು ಕಾಳು, ಅಷ್ಟೇ! ಇನ್ನೊಂದು ದೊಡ್ಡ ಪರೀಕ್ಷೆ ಜಪಾನಿನಲ್ಲಿ ನಡೆಯಿತು, 2007ರಲ್ಲಿ ಪ್ರಕಟವಾಯಿತು. 5, 25, 125 ಪಿಪಿಎಂ ಅಂತ ಮೂರು ಅಳತೆ, 104 ವಾರ. 125ರಲ್ಲಿ ಇಲಿಗಳ ಈಲಿಯಲ್ಲಿ ಗೆಡ್ಡೆ ಬಂತು. ಸುಂಡಿಲಿಗಳಿಗೆ 25ಕ್ಕೇ ಬಂತು.

ಇಲ್ಲಿ ಗಮನಿಸಬೇಕಾದ್ದು ಮೂಗನ್ನು ನಂಬುವ ನಮ್ಮ ಅಭ್ಯಾಸ. ಈ ದ್ರವದ ವಾಸನೆ ಮನುಷ್ಯನ ಮೂಗಿಗೆ ಗೊತ್ತಾಗುವ ಹೊತ್ತಿಗೆ ಗಾಳಿಯಲ್ಲಿ ಅದು 10 ಪಿಪಿಎಂ ದಾಟಿ ಎಷ್ಟೋ ಮುಂದೆ ಹೋಗಿರುತ್ತದೆ. 'ವಾಸನೆ ಇಲ್ಲ, ಹಾಗಾಗಿ ಅಪಾಯ ಇಲ್ಲ' ಅನ್ನುವ ಮಾತು ಇದಕ್ಕೆ ನಡೆಯುವುದಿಲ್ಲ.

ನಮ್ಮ ಕಾಳಿನ ವಾಡೆಗೂ ಬಂದಿತ್ತು

ಇದು ಎಲ್ಲೋ ಕಾರ್ಖಾನೆಯ ಮಾತು ಅಂದುಕೊಳ್ಳಬೇಡಿ. ಎಥಿಲೀನ್ ಡೈಕ್ಲೋರೈಡ್ ಮೂರು ಪಾಲು, ಕಾರ್ಬನ್ ಟೆಟ್ರಾಕ್ಲೋರೈಡ್ ಒಂದು ಪಾಲು ಬೆರೆಸಿದ ದ್ರವವನ್ನು ಇಡಿಸಿಟಿ ಅನ್ನುವ ಹೆಸರಲ್ಲಿ ಕಾಳಿನ ಹುಳ ಕೊಲ್ಲಲು ಬಳಸುತ್ತಿದ್ದರು. ಇನ್ನೊಂದು ಇಡಿಬಿ, ಅಂದರೆ ಎಥಿಲೀನ್ ಡೈಬ್ರೋಮೈಡ್. ಗಾಜಿನ ಸಣ್ಣ ಆಂಪ್ಯೂಲ್. ಬಟ್ಟೆಯಲ್ಲಿ ಸುತ್ತಿ ಮುರಿದು ಕಾಳಿನ ಮಧ್ಯೆ ತುರುಕಿದರೆ ಹುಳ ಸಾಯುತ್ತಿತ್ತು. ಕೃಷಿ ಪುಸ್ತಕಗಳಲ್ಲೂ ಇದರ ಶಿಫಾರಸು ಇತ್ತು. ವಯಸ್ಸಾದ ರೈತರಿಗೆ ನೆನಪಿರಬಹುದು. ಅವರೆ, ತೊಗರಿ ತುಂಬಿದ ಕೋಣೆಯ ಪಕ್ಕದಲ್ಲೇ ಮಕ್ಕಳು ಮಲಗುತ್ತಿದ್ದವು.

ಅಮೆರಿಕದಲ್ಲಿ ಇದೇ ಇಡಿಬಿಯ ಆವಿಯನ್ನು 10 ಮತ್ತು 40 ಪಿಪಿಎಂ ಅಳತೆಯಲ್ಲಿ ಇಲಿ, ಸುಂಡಿಲಿಗಳಿಗೆ ಕೊಟ್ಟ ಪರೀಕ್ಷೆಯ ವರದಿ 1982ರಲ್ಲಿ ಬಂತು. ಮೂಗಿನಲ್ಲಿ, ಪುಪ್ಪುಸದಲ್ಲಿ ಗೆಡ್ಡೆ. ಹೆಚ್ಚು ಅಳತೆ ಕೊಟ್ಟ ಹಳೆಯ ಪರೀಕ್ಷೆಗಳಲ್ಲಿ ಈಲಿಯ ಕಣಗಳೂ ಸತ್ತಿದ್ದವು. 1984ರ ಹೊತ್ತಿಗೆ ಅಲ್ಲಿ ಮಣ್ಣಿಗೂ ಕಾಳಿಗೂ ಇದರ ಬಳಕೆ ನಿಲ್ಲಿಸಿದರು. ನಮ್ಮಲ್ಲಿ ನಿಷೇಧ ಆದದ್ದು 2001ರ ಜುಲೈನಲ್ಲಿ. ನಡುವೆ ಹದಿನೇಳು ವರ್ಷ. ಕಾರ್ಬನ್ ಟೆಟ್ರಾಕ್ಲೋರೈಡಿನ ಇಂಥ ಬಳಕೆಯೆಲ್ಲ ನಿಂತದ್ದು 2010ರಿಂದ. ಅದೂ ಈಲಿಯ ಸಲುವಾಗಿ ಅಲ್ಲ, ಆಕಾಶದ ಓಜೋನ್ ಪದರ ಉಳಿಸುವ ಒಪ್ಪಂದದಿಂದ.

ನಿಷೇಧ ಆಯಿತು ಅಂತ ಸುಮ್ಮನಿರುವ ಹಾಗಿಲ್ಲ. ಹಳೇ ಅಟ್ಟದ ಮೇಲೆ, ಗೋಡೆಗೂಡಿನಲ್ಲಿ ಅಂಥ ಆಂಪ್ಯೂಲ್ ಅಥವಾ ಸೀಸೆ ಇದ್ದರೆ ಮುಟ್ಟಿ ಮುರಿಯಬೇಡಿ, ಬಾವಿಗೆ ಎಸೆಯಬೇಡಿ. ಕೃಷಿ ಇಲಾಖೆಯವರಿಗೆ ತಿಳಿಸಿ.

ಪೈಪೂ ಅಂಟೂ

ಇಲಿಯ ಮಾತನ್ನು ತಡವಾಗಿ ಕೇಳಿದ್ದಕ್ಕೆ ಇನ್ನೊಂದು ದೊಡ್ಡ ಉದಾಹರಣೆ ನಮ್ಮ ಬೋರ್‌ವೆಲ್ ಪೈಪಿನದ್ದು. ಪಿವಿಸಿ ತಯಾರಾಗುವುದು ವಿನೈಲ್ ಕ್ಲೋರೈಡ್ ಅನ್ನುವ ಅನಿಲದಿಂದ. 1970ರಲ್ಲಿ ಇಟಲಿಯ ವೈದ್ಯ ವಿಯೋಲಾ ಇದನ್ನು ಉಸಿರಾಡಿದ ಇಲಿಗಳಿಗೆ ಗೆಡ್ಡೆ ಬಂದದ್ದನ್ನು ತೋರಿಸಿದರು. ಆಮೇಲೆ ಅಲ್ಲಿನವರೇ ಆದ ಮಾಲ್ಟೋನಿ, ಕಡಿಮೆ ಅಳತೆಯಲ್ಲೂ ಈಲಿಯ ರಕ್ತನಾಳಕ್ಕೆ ಬಹಳ ಅಪರೂಪದ ಕ್ಯಾನ್ಸರ್ ಬರುವುದನ್ನು ಕಂಡರು. 1974ರ ಜನವರಿಯಲ್ಲಿ ಅಮೆರಿಕದ ಲೂಯಿವಿಲ್ ಊರಿನ ಒಂದೇ ಪಿವಿಸಿ ಕಾರ್ಖಾನೆಯ ಮೂವರು ಕೆಲಸಗಾರರು ಅದೇ ಅಪರೂಪದ ಈಲಿ ಕ್ಯಾನ್ಸರಿನಿಂದ ಸತ್ತದ್ದು ಬಯಲಾಯಿತು. ಅದಾದ ಮೇಲೆ ಕಾರ್ಖಾನೆಯ ಗಾಳಿಯಲ್ಲಿ 500 ಪಿಪಿಎಂವರೆಗೆ ಇದ್ದ ಮಿತಿಯನ್ನು 1 ಪಿಪಿಎಂಗೆ ಇಳಿಸಿದರು. ಇಲಿ ಮೊದಲು ಹೇಳಿತ್ತು, ಮನುಷ್ಯ ಆಮೇಲೆ ಕೇಳಿದ.

ಇದನ್ನು ಓದಿ ಪೈಪಿಗೆ ಹೆದರಬೇಡಿ. ಪೈಪಾದ ಮೇಲೆ ಆ ಅನಿಲ ಒಂದಕ್ಕೊಂದು ಬೆಸೆದು ಗಟ್ಟಿಯಾಗಿರುತ್ತದೆ, ಆವಿಯಾಗಿ ಬರುವುದಿಲ್ಲ. ಹಳೇ ಪೈಪನ್ನು ಸುಡಬಾರದು ಅಷ್ಟೇ. ಸುಟ್ಟರೆ ಆಮ್ಲದ ಹೊಗೆ, ಡಯಾಕ್ಸಿನ್ ಎಲ್ಲ ಬರುತ್ತವೆ.

ಎಚ್ಚರ ಬೇಕಾದ್ದು ಜೋಡಿಸುವ ಅಂಟಿಗೆ. ಹಲವು ಪಿವಿಸಿ ಅಂಟುಗಳಲ್ಲಿ ಟೆಟ್ರಾಹೈಡ್ರೋಫ್ಯೂರಾನ್ ಅನ್ನುವ ದ್ರಾವಕ ಇರುತ್ತದೆ. ಹೆಸರು ಉದ್ದ, ಆವಿಯಾಗುವುದು ಬೇಗ. ಅಮೆರಿಕದ ಸರ್ಕಾರಿ ಪರೀಕ್ಷೆಯಲ್ಲಿ 200, 600, 1800 ಪಿಪಿಎಂ ಅಳತೆಯಲ್ಲಿ 105 ವಾರ ಕೊಟ್ಟಾಗ, 1800ರ ಗೂಡಿನ ಹೆಣ್ಣು ಸುಂಡಿಲಿಗಳ ಈಲಿಯಲ್ಲಿ ಗೆಡ್ಡೆ ಹೆಚ್ಚಾದವು. ವರದಿ 1998ರದ್ದು. ವರ್ಷಕ್ಕೆ ನಾಲ್ಕು ಜಾಯಿಂಟ್ ಮಾಡುವ ರೈತನಿಗೆ ಇದರಿಂದ ಕ್ಯಾನ್ಸರ್ ಬರುತ್ತದೆ ಅಂತ ಇದರ ಅರ್ಥ ಅಲ್ಲ. ಆದರೆ ದಿನಾ ಡ್ರಿಪ್ ಜೋಡಿಸುವ ಹುಡುಗ, ಬಾವಿಯೊಳಗಿನ ಮೋಟಾರು ಗುಂಡಿಯಲ್ಲಿ ಕೂತು ಗಂಟೆಗಟ್ಟಲೆ ಅಂಟು ಬಳಿಯುವವನು ಜಾಗ್ರತೆ ಮಾಡಲೇಬೇಕು. ಯಾಕೆಂದರೆ ಈ ಆವಿಗಳೆಲ್ಲ ಗಾಳಿಗಿಂತ ಭಾರ. ಅಂಟಿನ ಆವಿ ಎರಡೂವರೆ ಪಟ್ಟು, ಕಾರ್ಬನ್ ಟೆಟ್ರಾಕ್ಲೋರೈಡಿನದು ಐದು ಪಟ್ಟಿಗೂ ಹೆಚ್ಚು. ಹೊಗೆಯ ಹಾಗೆ ಮೇಲೆ ಹೋಗುವುದಿಲ್ಲ, ನೀರಿನ ಹಾಗೆ ತಗ್ಗಿಗೆ ಇಳಿದು ನಿಲ್ಲುತ್ತವೆ. ಹಗೇವು, ಬಾವಿ, ಸಂಪು, ತಗ್ಗಿನ ಮೋಟಾರು ಗೂಡು ಇವೇ ಅವುಗಳ ಕೆರೆ.

ಇಲಿಯೇ ಮನುಷ್ಯನಲ್ಲ

ಇಲಿಗೆ ಆದದ್ದೆಲ್ಲ ನಮಗೂ ಆಗುತ್ತದೆಯೇ? ಇಲ್ಲ. ಇದನ್ನೂ ಹೇಳದಿದ್ದರೆ ಬರೀ ಹೆದರಿಸಿದ ಹಾಗಾಗುತ್ತದೆ.

ಪೆಟ್ರೋಲ್ ಆವಿಯ ಎರಡು ವರ್ಷದ ಪರೀಕ್ಷೆಯ ವರದಿ 1984ರಲ್ಲಿ ಬಂತು. ಗಂಡು ಇಲಿಗಳ ಮೂತ್ರಪಿಂಡದಲ್ಲಿ ಗೆಡ್ಡೆ, ಹೆಣ್ಣು ಸುಂಡಿಲಿಗಳ ಈಲಿಯಲ್ಲಿ ಗೆಡ್ಡೆ. ಜನ ಗಾಬರಿಯಾದರು. ಆಮೇಲೆ ನೋಡಿದರೆ ಮೂತ್ರಪಿಂಡದ ಗೆಡ್ಡೆಗೆ ಕಾರಣ ಗಂಡು ಇಲಿಯಲ್ಲಿ ಮಾತ್ರ ಹೇರಳವಾಗಿರುವ ಒಂದು ಪ್ರೋಟೀನು. ಮನುಷ್ಯನಲ್ಲಿ ಅದಿಲ್ಲ. ಹಾಗಾಗಿ ಆ ಭಯ ನಮಗೆ ಅನ್ವಯಿಸುವುದಿಲ್ಲ. ಇನ್ನೊಂದು ಕಡೆ, ಗ್ರೀಸ್ ತೊಳೆಯುವ ಟ್ರೈಕ್ಲೋರೋಎಥಿಲೀನ್ ಸುಂಡಿಲಿಯ ಈಲಿಗೆ ಕ್ಯಾನ್ಸರ್ ತಂದಿತು. ಮನುಷ್ಯರಲ್ಲಿ ಗಟ್ಟಿ ಸಾಕ್ಷಿ ಸಿಕ್ಕಿದ್ದು ಮೂತ್ರಪಿಂಡದ ಕ್ಯಾನ್ಸರಿಗೆ. ಜಾಗ ಬೇರೆ, ಆದರೆ ಎಚ್ಚರಿಕೆ ನಿಜವೇ ಆಯಿತು.

ಈಲಿಯ ತೂಕ ಹೆಚ್ಚಾದರೆ ಸಾಕು, ಕಾಯಿಲೆ ಅಂತಲೂ ಅಲ್ಲ. ನೊಗ ಹೊತ್ತ ಎತ್ತಿನ ಹೆಗಲು ದಪ್ಪವಾಗುವ ಹಾಗೆ, ಕೆಲಸ ಹೆಚ್ಚಾದರೆ ಈಲಿ ದೊಡ್ಡದಾಗುತ್ತದೆ. ಆವಿ ನಿಲ್ಲಿಸಿದರೆ ಮೊದಲಿನಂತಾಗುತ್ತದೆ. ಹೆಗಲಿಗೆ ಗಾಯ ಆಗಿ ಕೀವಾದರೆ ಅದು ಬೇರೆ. ಕೊಬ್ಬು ಕೂರುವುದು, ಕಣ ಸಾಯುವುದು, ನಾರು ಬೆಳೆಯುವುದು, ಇವು ಗಾಯದ ಗುರುತು. ವಿಜ್ಞಾನಿಗಳು ಈ ಎರಡನ್ನೂ ಬೇರೆ ಮಾಡಿ ನೋಡುತ್ತಾರೆ.

ರೇಷ್ಮೆ ಸಾಕುವ ನಮಗೆ ಇದು ಅರ್ಥವಾಗುವ ಮಾತು. ಪಕ್ಕದ ಹೊಲದಲ್ಲಿ ಔಷಧಿ ಹೊಡೆದರೆ ಮೊದಲು ಬೀಳುವುದು ರೇಷ್ಮೆಹುಳ. ಹುಳ ಸತ್ತಿತು ಅಂತ ಮನುಷ್ಯ ಸಾಯುವುದಿಲ್ಲ. ಆದರೂ ಹುಳ ಬಿದ್ದ ಮೇಲೂ ಅದೇ ಗಾಳಿಯಲ್ಲಿ ಮಗುವನ್ನು ಮಲಗಿಸುವ ತಾಯಿ ಇಲ್ಲ.

ಹೈಡ್ರಾಲಿಕ್ ಆಯಿಲ್ ಕಥೆ

ಕೆಜಿಎಫ್‌ನಲ್ಲಿ ಬುಲ್ಡೋಜರ್ ತಯಾರಾಗುತ್ತವೆ, ನಮ್ಮ ಹೊಲಕ್ಕೆ ಜೆಸಿಬಿ ಬರುತ್ತದೆ, ಟ್ರಾಕ್ಟರ್ ಎಲ್ಲರ ಬಳಿ ಇದೆ. ಎಲ್ಲದರ ಒಳಗೂ ಹೈಡ್ರಾಲಿಕ್ ಆಯಿಲ್. ಸಾಮಾನ್ಯ ಹೈಡ್ರಾಲಿಕ್ ಆಯಿಲ್ ಖನಿಜ ತೈಲ. ತಣ್ಣಗಿರುವಾಗ ಅದು ಸುಲಭಕ್ಕೆ ಆವಿಯಾಗುವುದಿಲ್ಲ. ಹಾಗಾಗಿ ಥಿನ್ನರಿನಷ್ಟು ಅಪಾಯ ಇಲ್ಲ. ಆದರೆ ಬಿಸಿಯಾದ ಪೈಪು ಬಿರಿದು ಮಂಜಿನ ಹಾಗೆ ಸಿಡಿದರೆ ಹನಿಗಳು ಉಸಿರಲ್ಲಿ ಹೋಗುತ್ತವೆ. ಲೇತ್ ಮೆಷಿನ್ನಿಗೆ ಸುರಿಯುವ ಕೂಲೆಂಟಿನ ಮಂಜೂ ಹೀಗೇ.

ಬೆಂಕಿ ಹತ್ತಬಾರದು ಅಂತ ಮಾಡುವ ಕೆಲವು ವಿಶೇಷ ಹೈಡ್ರಾಲಿಕ್ ದ್ರವಗಳಲ್ಲಿ ರಂಜಕದ ಸಂಯುಕ್ತಗಳಿರುತ್ತವೆ. ನಮ್ಮ ಕೆಲವು ಕೀಟನಾಶಕಗಳ ದೂರದ ನೆಂಟರು. ಇವುಗಳಲ್ಲಿ ಒಂದಾದ ಟ್ರೈಕ್ರೆಸಿಲ್ ಫಾಸ್ಫೇಟ್ ಈಲಿಗಿಂತ ನರಕ್ಕೆ ಹೆಚ್ಚು ಹೊಡೆತ. 1988ರಲ್ಲಿ ಕಲ್ಕತ್ತಾದ ಬೆಹಾಲಾದಲ್ಲಿ ಇದು ಅಡುಗೆ ಎಣ್ಣೆಗೆ ಬೆರಕೆಯಾಗಿ ನೂರಾರು ಜನರ ಕೈಕಾಲು ಬಿದ್ದವು. ಅದಕ್ಕೇ ಹೇಳುವುದು, ಯಾವ ಕಾರ್ಖಾನೆಯ ಆಯಿಲ್ ಡ್ರಮ್ಮನ್ನೂ ನೀರಿಗೆ, ಕಾಳಿಗೆ, ಎಣ್ಣೆಗೆ ಬಳಸಬಾರದು. ಗುಜರಿಯಲ್ಲಿ ಅಗ್ಗಕ್ಕೆ ಸಿಗುತ್ತದೆ ನಿಜ. ಮುಂಚೆ ಅದರಲ್ಲಿ ಏನಿತ್ತು ಅಂತ ಗುಜರಿಯವನಿಗೂ ಗೊತ್ತಿರುವುದಿಲ್ಲ.

ಕುಡಿತ ಸೇರಿದರೆ

ನೂರು ವರ್ಷದ ಹಿಂದೆ ಕಾರ್ಬನ್ ಟೆಟ್ರಾಕ್ಲೋರೈಡನ್ನು ಕೊಕ್ಕೆಹುಳಕ್ಕೆ ಔಷಧಿಯಾಗಿಯೂ ಕುಡಿಸುತ್ತಿದ್ದರು. 1921ರಲ್ಲಿ ನಾಯಿಗಳ ಮೇಲೆ ಪರೀಕ್ಷಿಸಿ ಶುರು ಮಾಡಿದ್ದು. ಲಕ್ಷಾಂತರ ಜನರಿಗೆ ಕೊಟ್ಟರು, ಬಹುಪಾಲು ಜನ ತಡೆದುಕೊಂಡರು. ಆದರೆ ಕೆಲವರು ಸತ್ತರು. ಹಾಗೆ ಸತ್ತವರಲ್ಲಿ ಕುಡುಕರು ಹೆಚ್ಚು. ಕಾರಣ ಆಮೇಲೆ ಇಲಿಗಳಿಂದ ಗೊತ್ತಾಯಿತು. ದಿನಾ ಹೆಂಡ ಕುಡಿದರೆ ಅದನ್ನು ಒಡೆಯಲು ಈಲಿ ಒಂದು ಕಿಣ್ವವನ್ನು ಹೆಚ್ಚು ಮಾಡಿಕೊಳ್ಳುತ್ತದೆ. ಈ ದ್ರವವನ್ನು ಉರಿಮಾರಿ ಚೂರಾಗಿ ಒಡೆಯುವುದೂ ಅದೇ ಕಿಣ್ವ. ಮಿಲ್ಲಿನ ವೇಗ ಹೆಚ್ಚಾದಷ್ಟೂ ದಿಬ್ಬ ದೊಡ್ಡದು.

'ವಾಸನೆ ಕೆಲಸ ಮಾಡಿದ್ದೀನಿ, ಒಂದು ಕ್ವಾರ್ಟರ್ ಹಾಕಿದ್ರೆ ಎಲ್ಲ ಇಳಿದು ಹೋಗುತ್ತೆ' ಅನ್ನುವ ಮಾತು ನಮ್ಮ ಹುಡುಗರ ಬಾಯಲ್ಲಿ ಇದೆ. ಅದು ಪೂರ್ತಿ ತಿರುವು ಮುರುವು.

ನಮ್ಮ ಅಣ್ಣನ ಮಗ ಒಂದು ಸಣ್ಣ ಶೆಡ್ಡಿನಲ್ಲಿ ಯಂತ್ರದ ಬಿಡಿಭಾಗ ತೊಳೆಯುವ ಕೆಲಸದಲ್ಲಿದ್ದ. ಕಿಟಕಿ ಇಲ್ಲದ ರೂಮು, ತೆರೆದ ತೊಟ್ಟಿ, ಡ್ರಮ್ಮಿನ ಮೇಲೆ ಹೆಸರೇ ಇಲ್ಲ. ಎರಡನೇ ವರ್ಷ ಕಣ್ಣು ಹಳದಿ ಆಯಿತು. ಮನೆಯವರು ಕಾಮಾಲೆ ಮದ್ದು ಹಾಕಿಸಿದರು, ಪಥ್ಯ ಮಾಡಿಸಿದರು. ಇಳಿಯಿತು. ಮತ್ತೆ ಕೆಲಸಕ್ಕೆ ಹೋದ, ಮತ್ತೆ ಬಂತು. ಎರಡನೇ ಸಲ ನೋಡಿದ ಡಾಕ್ಟರು, 'ಏನಪ್ಪಾ ಕೆಲಸ ಮಾಡ್ತೀಯ?' ಅಂತ ಕೇಳಿದರು. ಅದುವರೆಗೆ ಯಾರೂ ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ. ಇದೇ ಕಾರಣ ಅಂತ ಅವರು ಖಡಾಖಂಡಿತ ಹೇಳಲಿಲ್ಲ. ಸೋಂಕಿನ ಕಾಮಾಲೆಯ ಪರೀಕ್ಷೆಗಳನ್ನೂ ಮಾಡಿಸಿದರು, ಅದರಲ್ಲಿ ಏನೂ ಸಿಗಲಿಲ್ಲ. ಆ ತೊಟ್ಟಿಯ ಕೆಲಸ ಬಿಡು ಅಂದರು. ಬಿಟ್ಟ. ನಾಲ್ಕು ತಿಂಗಳಲ್ಲಿ ರಕ್ತದ ಲೆಕ್ಕ ಸರಿಗೆ ಬಂತು. ಈಗ ಹಸು ಕಟ್ಟಿದ್ದಾನೆ. ಸಂಬಳ ಕಡಿಮೆ, ಕಣ್ಣು ಬೆಳ್ಳಗಿದೆ.

ಒಳ್ಳೆಯ ಸುದ್ದಿ ಏನೆಂದರೆ ಮೈಯೊಳಗೆ ಈಲಿಯಷ್ಟು ಚಿಗುರುವ ಅಂಗ ಇನ್ನೊಂದಿಲ್ಲ. ಇಲಿಯ ಈಲಿಯಲ್ಲಿ ಮೂರರಲ್ಲಿ ಎರಡು ಭಾಗ ಕತ್ತರಿಸಿದರೂ ವಾರ ಹತ್ತು ದಿನದಲ್ಲಿ ಮೊದಲಿನ ತೂಕಕ್ಕೆ ಬರುತ್ತದೆ. ಹೊಂಗೆ ಮರ ಸವರಿದ ಹಾಗೆ. ಆದರೆ ವರ್ಷಗಟ್ಟಲೆ ಬಿಡದೆ ಸವರುತ್ತಾ ಇದ್ದರೆ ಹೊಂಗೆಯೂ ಒಣಗುತ್ತದೆ. ಈಲಿಯಲ್ಲಿ ಹಾಗೆ ಒಣಗಿ ನಾರಾಗುವುದಕ್ಕೇ ಸಿರೋಸಿಸ್ ಅನ್ನುವುದು. ಅದು ಹಿಂದಕ್ಕೆ ಬರುವುದು ಕಷ್ಟ. ಅಷ್ಟರೊಳಗೆ ನಿಲ್ಲಿಸಬೇಕು.

ನಾವು ಮಾಡಬಹುದಾದ್ದು

1. ಪೈಪಿನ ಅಂಟು, ಥಿನ್ನರ್, ಬಣ್ಣದ ಕೆಲಸ ಬಯಲಲ್ಲಿ ಮಾಡಿ. ಗಾಳಿ ಬೆನ್ನ ಹಿಂದಿನಿಂದ ಅಥವಾ ಪಕ್ಕದಿಂದ ಬರುವ ಹಾಗೆ ಕೂತುಕೊಳ್ಳಿ. ಜೋಡಿಸಿ ಒಣಗಿದ ಪೈಪನ್ನು ಆಮೇಲೆ ಗುಂಡಿಗೆ ಇಳಿಸಿ.

2. ಮುಖಕ್ಕೆ ಟವಲ್ ಕಟ್ಟಿದರೆ ಧೂಳು ತಡೆಯಬಹುದು, ಆವಿ ತಡೆಯುವುದಿಲ್ಲ. ಆಸ್ಪತ್ರೆಯ ಬಟ್ಟೆ ಮಾಸ್ಕೂ ಅಷ್ಟೇ. ಆವಿಗೆ ಇದ್ದಿಲಿನ ಡಬ್ಬಿ ಇರುವ ಮಾಸ್ಕೇ ಬೇಕು. ಅದರ ಡಬ್ಬಿಯನ್ನೂ ಕಾಲಕಾಲಕ್ಕೆ ಬದಲಾಯಿಸಬೇಕು.

3. ಹೆಸರಿಲ್ಲದ ಡ್ರಮ್ಮಿನ ದ್ರವದಲ್ಲಿ ಕೈ ಅದ್ದಬೇಡಿ, ತೊಳೆಯಬೇಡಿ. ಹೆಸರು ಕೇಳುವುದು ದುಡಿಯುವವನ ಹಕ್ಕು. 1987ರಲ್ಲಿ ತಿದ್ದುಪಡಿ ಆದ ಕಾರ್ಖಾನೆ ಕಾಯಿದೆಯಲ್ಲೇ ಇದು ಬಂದಿತ್ತು. ಡಬ್ಬಿಯ ಮೇಲಿನ ಹೆಸರನ್ನು ಮೊಬೈಲಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ.

4. ಪೆಟ್ರೋಲ್, ಡೀಸೆಲ್ ಅನ್ನು ಪೈಪಲ್ಲಿ ಬಾಯಿಂದ ಎಳೆಯಬೇಡಿ. ಥಿನ್ನರಿನಲ್ಲಿ ಕೈ ತೊಳೆಯಬೇಡಿ. ಚರ್ಮದಿಂದಲೂ ಒಳಗೆ ಹೋಗುತ್ತದೆ.

5. ಆಯಾಸ, ಊಟ ಸೇರದಿರುವುದು, ಬಲಪಕ್ಕೆಯಲ್ಲಿ ಭಾರ, ಮೂತ್ರ ಗಾಢ ಹಳದಿ, ಕಣ್ಣು ಹಳದಿ ಕಂಡರೆ ಆಸ್ಪತ್ರೆಗೆ ಹೋಗಿ. ಡಾಕ್ಟರು ಕೇಳದಿದ್ದರೂ ನೀವೇ ಹೇಳಿ: ಇಂಥ ಕೆಲಸ, ಇಂಥ ದ್ರವ, ಇಷ್ಟು ವರ್ಷ. ಎಸ್‌ಜಿಪಿಟಿ ಮುಂತಾದ ಈಲಿಯ ರಕ್ತಪರೀಕ್ಷೆ ಸರ್ಕಾರಿ ಆಸ್ಪತ್ರೆಗಳಲ್ಲೂ ಮಾಡುತ್ತಾರೆ. ಅದರ ಚೀಟಿ ಎಸೆಯಬೇಡಿ. ಮುಂದಿನ ಸಲ ಹೋಲಿಸಲು ಬೇಕಾಗುತ್ತದೆ.

6. ಕಾಳಿಗೆ ವಿಷದ ಆವಿ ಬೇಡ. ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ ಇಡಿಬಿಗಿಂತಲೂ ಬೇಗ ಕೊಲ್ಲುತ್ತದೆ. ಮನೆಯಲ್ಲಿ ಬಳಸುವಂಥದ್ದೇ ಅಲ್ಲ. ನಮ್ಮ ಹಿರಿಯರ ಕ್ರಮಗಳು ಈಗಲೂ ನಡೆಯುತ್ತವೆ. ತೊಗರಿ, ಅವರೆಗೆ ಕೆಮ್ಮಣ್ಣು ಕಟ್ಟಿ ಚೆನ್ನಾಗಿ ಒಣಗಿಸುವುದು, ಬೇಳೆಗೆ ಹರಳೆಣ್ಣೆ ಸವರುವುದು, ವಾಡೆಗೆ ಬೇವಿನ ಸೊಪ್ಪು, ಲಕ್ಕಿ ಸೊಪ್ಪು ಹಾಕುವುದು. ಹಲ್ಲಲ್ಲಿ ಕಡಿದರೆ ಕಟ್ ಅನ್ನುವಷ್ಟು ಒಣಗಿದ ಕಾಳಿಗೆ ಹುಳ ಬೀಳುವುದು ಕಡಿಮೆ. ರಾಗಿಗಂತೂ ಇದ್ಯಾವುದೂ ಬೇಡ. ಒಣಗಿಸಿ ಇಟ್ಟರೆ ವರ್ಷಗಟ್ಟಲೆ ಇರುತ್ತದೆ.

7. ಹಗೇವು, ಬಾವಿ, ಸಂಪಿಗೆ ಒಬ್ಬರೇ ಇಳಿಯಬೇಡಿ. ಬಾಯಿ ತೆರೆದು ಸಾಕಷ್ಟು ಹೊತ್ತು ಗಾಳಿಯಾಡಲು ಬಿಡಿ, ಮೇಲೆ ಒಬ್ಬರು ಹಗ್ಗ ಹಿಡಿದು ನಿಂತಿರಲಿ. ಪೆಟ್ರೋಲ್, ಥಿನ್ನರ್, ಅಂಟು ಬಳಸಿದ ಜಾಗಕ್ಕೆ ಮಾತ್ರ ದೀಪ ಇಳಿಸಿ ನೋಡಬೇಡಿ, ಅವುಗಳ ಆವಿಗೆ ಬೆಂಕಿ ಹತ್ತುತ್ತದೆ.